ಸಹಾಯ ಬೇಕು: ಎಂಆರ್‌ಐನ ಕಪ್ಪು ಚುಕ್ಕೆ ಬದುಕಿರುವ ಕೋಶದ್ದೇ ಅಂತ ಖಚಿತಪಡಿಸಿಕೊಳ್ಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಇಲಿಯ ಮೊಣಕಾಲಿಗೆ ಕಸಿ ಮಾಡಿದ ಕಾಂಡಕೋಶಗಳು ಎಲ್ಲಿ ಉಳಿಯುತ್ತವೆ ಅಂತ ನೋಡೋದು ನನ್ನ ಪಿಎಚ್‌ಡಿ ಕೆಲಸ. ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ಔಷಧವನ್ನು ಹೆಪಾರಿನ್, ಪ್ರೋಟಮೀನ್ ಜೊತೆ ಸೇರಿಸಿ ಕೋಶಗಳಿಗೆ ಕಬ್ಬಿಣದ ನ್ಯಾನೋಕಣ ತುಂಬಿಸುತ್ತೇನೆ; ಈ ಕಬ್ಬಿಣ ಎಂಆರ್‌ಐನಲ್ಲಿ ಕಪ್ಪಗೆ ಕಾಣುತ್ತದೆ. ಕಬ್ಬಿಣವನ್ನು ನೀಲಿಯಾಗಿ ತೋರಿಸುವ ಪ್ರಷ್ಯನ್ ಬ್ಲೂ ಬಣ್ಣ ಹಾಕಿ ನೋಡಿದರೆ ನ್ಯೂಕ್ಲಿಯಸ್ ಸುತ್ತ ನೀಲಿ ಚುಕ್ಕೆಗಳು ಒತ್ತಾಗಿ ಕೂತಿರುತ್ತವೆ. ಅಲ್ಲಿವರೆಗೆ ತೊಂದರೆ ಇಲ್ಲ.

ಕಗ್ಗಂಟು ಆಮೇಲಿನದು. ವಾರಗಳು ಕಳೆದರೂ ಸ್ಕ್ಯಾನ್‌ನಲ್ಲಿ ಕಪ್ಪು ಹಾಗೇ ಇದೆ. ಆದರೆ ಕೋಶ ಸತ್ತರೂ ಕಬ್ಬಿಣ ಅಲ್ಲೇ ಉಳಿಯಬಹುದು; ಮ್ಯಾಕ್ರೋಫೇಜ್‌ಗಳು (ಸತ್ತ ಕೋಶಗಳನ್ನು ತಿಂದು ಸ್ವಚ್ಛ ಮಾಡುವ ರೋಗನಿರೋಧಕ ಕೋಶಗಳು) ಅದನ್ನು ನುಂಗಿದರೆ ಅವೂ ಕಪ್ಪಗೇ ಕಾಣುತ್ತವೆ. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ಒಸರಿದ್ದರೂ ಅದೇ ಕಪ್ಪು. 2005ರಲ್ಲಿ ನೆದರ್ಲೆಂಡ್ಸ್‌ನ ತಂಡವೊಂದು ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳಲ್ಲಿ ಡೆಂಡ್ರಿಟಿಕ್ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ಹೀಗೇ ಹಿಂಬಾಲಿಸಿ, ಕೆಲವರಲ್ಲಿ ಚುಚ್ಚುಮದ್ದು ದುಗ್ಧಗ್ರಂಥಿಗೆ ತಲುಪಿಯೇ ಇರಲಿಲ್ಲ ಅಂತ ಪತ್ತೆಹಚ್ಚಿತ್ತು. ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ಅವರದು ‘ಎಲ್ಲಿ’ ಎಂಬ ಪ್ರಶ್ನೆ, ನನ್ನದು ‘ಬದುಕಿದೆಯಾ’ ಎಂಬುದು.

ಬದುಕಿರುವ ಕೋಶ ಮಾತ್ರ ಬೆಳಕು ಸೂಸುವಂತೆ ಮಾಡುವ ಲೂಸಿಫೆರೇಸ್ ಜೀನ್ ಕೂಡ ಸೇರಿಸಿ ಬೆಳಕು, ಎಂಆರ್‌ಐ ಎರಡನ್ನೂ ಒಟ್ಟಿಗೆ ನೋಡಿದವರು ಇದ್ದೀರಾ? ಕಬ್ಬಿಣ ತುಂಬಿಸಿ ಕೊಂದ ಕೋಶಗಳನ್ನು ಇನ್ನೊಂದು ಮೊಣಕಾಲಿಗೆ ಕಂಟ್ರೋಲ್ ಆಗಿ ಹಾಕಿದರೆ ಸಾಕಾ, ಅಥವಾ ಬೇರೆ ಇಲಿಯೇ ಬೇಕಾ? ಮ್ಯಾಕ್ರೋಫೇಜ್‌ಗಳನ್ನು ಗುರುತಿಸೋ ಸಿಡಿ68 ಸ್ಟೇನಿಂಗ್ ಪ್ರೋಟೋಕಾಲ್ ಇದ್ದವರು ದಯವಿಟ್ಟು ಕಳಿಸಿ. ಮುಂದಿನ ಬ್ಯಾಚ್ ಶುರುವಾಗೋ ಮೊದಲೇ ಇದು ತೀರ್ಮಾನ ಆಗಬೇಕು. ಪ್ರಾಣಿಗಳನ್ನು ಸುಮ್ಮನೆ ಬಳಸೋಕೆ ಮನಸ್ಸಿಲ್ಲ.