ಸಹಾಯ ಬೇಕು: ಡಯಾಟಮ್‌ಗಳ ಡಿಎನ್‌ಎ ದತ್ತಾಂಶ ವಿಶ್ಲೇಷಣೆ

ಎಲ್ಲರಿಗೂ ನಮಸ್ಕಾರ. ಥಲಸಿಯೊಸೈರಾ ಸ್ಯೂಡೊನಾನಾ ಎಂಬ ಸಮುದ್ರದ ಸೂಕ್ಷ್ಮಪಾಚಿ (ಡಯಾಟಮ್ ಎಂಬ ಗುಂಪಿನದು) ಬಿಸಿಯೇರುವ ನೀರಿಗೆ ವಂಶವಾಹಿಗಳ ಮಟ್ಟದಲ್ಲಿ ಹೇಗೆ ಒಗ್ಗಿಕೊಳ್ಳುತ್ತದೆ ಎಂಬುದು ನನ್ನ ಪಿಎಚ್‌.ಡಿ. ವಿಷಯ. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಪಾಲು ಡಯಾಟಮ್‌ಗಳದು. ಇವು ಸೋತರೆ ಕಡಲಿನ ಆಹಾರ ಸರಪಳಿಯ ಬುಡಕ್ಕೇ ಪೆಟ್ಟು. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸದಾ 32 ಡಿಗ್ರಿಯಲ್ಲಿದ್ದವುಗಳಿಗಿಂತ ಉಷ್ಣಾಂಶದ ಏರಿಳಿತ ಕಂಡವು ಬೇಗ ಒಗ್ಗಿಕೊಂಡವು. ನಾನೂ ಅದೇ ಜಾಡಿನಲ್ಲಿದ್ದೇನೆ. ಫ್ಲಾಸ್ಕುಗಳಲ್ಲಿ ಹೊಂಗಂದು ಬಣ್ಣ ಚೆನ್ನಾಗಿ ಕಟ್ಟಿದೆ, ಡಿಎನ್‌ಎ ಅನುಕ್ರಮವೂ ಕೈಸೇರಿದೆ.

ತೊಡಕಿರುವುದು ಇಲ್ಲಿ: ಯಾವ ರೂಪಾಂತರ (ಡಿಎನ್‌ಎಯಲ್ಲಿನ ಬದಲಾವಣೆ) ನಿಸರ್ಗದ ಆಯ್ಕೆಯಿಂದ ಹೆಚ್ಚಿತು, ಯಾವುದು ಬರೀ ಆಕಸ್ಮಿಕವಾಗಿ? ಇಡೀ ಫ್ಲಾಸ್ಕಿನ ಡಿಎನ್‌ಎ ಒಟ್ಟಿಗೆ ಓದಿಸಿದ ದತ್ತಾಂಶದಲ್ಲಿ ಇದನ್ನು ಬೇರ್ಪಡಿಸಿದ ಅನುಭವವಿರುವವರು, ಯೀಸ್ಟ್ ಅಥವಾ ಬ್ಯಾಕ್ಟೀರಿಯಾದಲ್ಲಿ ಮಾಡಿದ್ದರೂ ಸರಿ, ದಯವಿಟ್ಟು ತಿಳಿಸಿ. ನಿಮಗೆ ಅನುಕೂಲವಾದ ಸಮಯದಲ್ಲಿ ಒಂದು ಗಂಟೆ ಮಾತನಾಡಲು ಸಿಕ್ಕರೂ ದೊಡ್ಡ ಉಪಕಾರ.