‘ತಯಾರಿಕಾ ಉತ್ಪಾದನೆ’: ಮೂರು ಅಳತೆಗಳಿಗೆ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ರಾಷ್ಟ್ರೀಯ ಲೆಕ್ಕಗಳ ಬಗ್ಗೆ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ತಯಾರಿಕಾ ವಲಯದ ಉತ್ಪಾದನೆ’ ಅನ್ನುವಲ್ಲಿ ಕೆಲಸ ನಿಂತಿದೆ. ಈ ಒಂದೇ ಮಾತನ್ನು ನಾವು ಮೂರು ಬೇರೆ ಅಳತೆಗಳಿಗೆ ಬಳಸುತ್ತೇವೆ. ಓದುವವರಿಗೆ ಯಾವುದರ ಮಾತು ಅಂತ ಗೊತ್ತಾಗುವುದು ಕಷ್ಟ.

ಮೊದಲನೆಯದು, ತಯಾರಾದ ಸರಕಿನ ಪೂರ್ತಿ ಮೌಲ್ಯ. ವರ್ಷದಲ್ಲಿ ಮಾರಿದ್ದು, ಅದರ ಜೊತೆಗೆ ದಾಸ್ತಾನಿನಲ್ಲಿ ಆದ ಏರಿಳಿತ, ಅರ್ಧಕ್ಕೆ ನಿಂತಿರುವ ಕೆಲಸ, ಎಲ್ಲ ಇದರೊಳಗೆ. ಎರಡನೆಯದು, ಅದರಿಂದ ಕಚ್ಚಾ ಮಾಲು, ವಿದ್ಯುತ್ತು, ಹೊರಗಿನಿಂದ ಕೊಂಡ ಸೇವೆಗಳ ಬೆಲೆ ಕಳೆದ ಮೇಲೆ ಉಳಿಯುವುದು. ಜಿಡಿಪಿ ಲೆಕ್ಕಕ್ಕೆ ಹೋಗುವುದು ಇದೇ. ಮೂರನೆಯದು, ತಿಂಗಳಿಗೊಮ್ಮೆ ಬರುವ ಕೈಗಾರಿಕಾ ಉತ್ಪಾದನಾ ಸೂಚ್ಯಂಕ. ಅದು ಪ್ರಮಾಣ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದನ್ನು ಮಾತ್ರ ತೋರಿಸುತ್ತದೆ.

ಮೊದಲಿನ ಎರಡಕ್ಕೆ ಎಷ್ಟು ಅಂತರ ಅಂತ ಒಂದು ಲೆಕ್ಕ ನೋಡಿ. ನೂಲಿನ ಗಿರಣಿ 40ಕ್ಕೆ ಹತ್ತಿ ಕೊಂಡು 100ಕ್ಕೆ ನೂಲು ಮಾರುತ್ತದೆ. ನೇಯುವವರು ಆ ನೂಲಿನ ಬಟ್ಟೆಯನ್ನು 160ಕ್ಕೆ ಮಾರುತ್ತಾರೆ. ಹೊಲಿಯುವವರು ಅಂಗಿಗಳನ್ನು 250ಕ್ಕೆ. ಬೇರೆ ಖರ್ಚು ಸದ್ಯಕ್ಕೆ ಬಿಡೋಣ. ಮೂವರ ಸರಕಿನ ಮೌಲ್ಯ ಕೂಡಿದರೆ 510. ಆದರೆ ಒಬ್ಬೊಬ್ಬರು ಸೇರಿಸಿದ್ದು 60, 60, 90, ಅಂದರೆ 210 ಅಷ್ಟೇ. ಹತ್ತಿಯ 40 ಕೃಷಿಯ ಲೆಕ್ಕಕ್ಕೆ ಸೇರುತ್ತದೆ. ಈಗ ಇದೇ ಮೂರು ಕೆಲಸ ಒಂದೇ ಕಾರ್ಖಾನೆಯೊಳಗೆ ನಡೆದರೆ 510 ಇದ್ದದ್ದು 250 ಆಗಿಬಿಡುತ್ತದೆ, 210 ಮಾತ್ರ ಹಾಗೇ ಇರುತ್ತದೆ. ಅಂಗಿ ಅಷ್ಟೇ, ಕೆಲಸಗಾರರು ಅಷ್ಟೇ. ‘ಉತ್ಪಾದನೆ ಅರ್ಧಕ್ಕೆ ಇಳಿಯಿತು’ ಅಂತ ಬರೆದರೆ ಓದುವವರಿಗೆ ಎಂಥ ಚಿತ್ರ ಸಿಗುತ್ತದೆ ಯೋಚಿಸಿ.

ಇನ್ನೊಂದು ಸಂಗತಿ. ಹೊಲಿಯುವವರು ಬಟ್ಟೆಯನ್ನು ತಾವೇ ಕೊಳ್ಳದೆ ಬೇರೆಯವರ ಬಟ್ಟೆಯನ್ನು ಮಜೂರಿಗೆ ಹೊಲಿದು ಕೊಟ್ಟರೆ, ವಿಶ್ವಸಂಸ್ಥೆ ಮುಂತಾದವು ಸೇರಿ ರೂಪಿಸಿದ ರಾಷ್ಟ್ರೀಯ ಲೆಕ್ಕಗಳ 2008ರ ಪದ್ಧತಿಯಲ್ಲಿ ಅವರ ಉತ್ಪಾದನೆ ಅಂದರೆ ಮಜೂರಿ ಮಾತ್ರ, ಬಟ್ಟೆ ಕೈ ಬದಲಾದರೂ ಒಡೆತನ ಬದಲಾಗಿಲ್ಲ ಅನ್ನುವ ಕಾರಣಕ್ಕೆ. ಆಗ 250ರ ಬದಲು 90. ಸೇರಿಸಿದ ಮೌಲ್ಯ ಎರಡೂ ಕಡೆ 90ರಷ್ಟೇ.

ಇನ್ನು ಪದಗಳಿಗೆ ಬರೋಣ. ನನಗೆ ಜಾಸ್ತಿ ತೊಂದರೆ ಕೊಡುವುದು ‘ಒಟ್ಟು’. ‘ಒಟ್ಟು ಉತ್ಪಾದನೆ’ ಅಂದಾಗ ಒಳಗೆ ಹೋದ ಮಾಲಿನ ಬೆಲೆ ಕಳೆದಿಲ್ಲ ಅಂತ ಅರ್ಥ. ‘ಒಟ್ಟು ಮೌಲ್ಯವರ್ಧನೆ’ ಅಂದಾಗ ಅದನ್ನು ಕಳೆದಾಗಿದೆ, ಯಂತ್ರ, ಕಟ್ಟಡಗಳ ಸವಕಳಿ ಕಳೆದಿಲ್ಲ ಅಂತ ಅರ್ಥ. ಇದರ ಮೇಲೆ ನಾವು ದಿನಬಳಕೆಯಲ್ಲಿ ‘ಒಟ್ಟು’ ಅನ್ನುವುದು ಎಲ್ಲ ಕೂಡಿಸಿದ ಮೊತ್ತಕ್ಕೆ. ‘ನಿವ್ವಳ’ ಯಾರಿಗೂ ಗೊಂದಲ ಮಾಡುವುದಿಲ್ಲ, ಅದರ ಎದುರು ಪದವೇ ಹೀಗೆ ಮೂರು ಕಡೆ ಎಳೆದಾಡುತ್ತದೆ. ‘ಸವಕಳಿ ಕಳೆಯದ’ ಅಂತ ಬಿಡಿಸಿ ಬರೆದರೆ ಉದ್ದ ಆಗುತ್ತದೆ, ನಿಜ. ಆದರೂ ಪದ ಮೊದಲು ಬಂದಾಗ ಒಂದು ಸಲ ಹಾಗೆ ಬರೆಯಲೇಬೇಕು ಅಂತ ನನ್ನ ಅಭಿಪ್ರಾಯ.

‘ಮೌಲ್ಯವರ್ಧನೆ’ಯೂ ಸಲೀಸಾಗಿ ಕೂರುವುದಿಲ್ಲ. ಬೆಳೆಯನ್ನು ಸಂಸ್ಕರಿಸಿ ಹೆಚ್ಚು ಬೆಲೆಗೆ ಮಾರುವ ಕೆಲಸಕ್ಕೆ ಆ ಪದ ಆಗಲೇ ಬಳಕೆಯಲ್ಲಿದೆ. ಅದು ಒಂದು ಕೆಲಸದ ಹೆಸರು, ನಮಗೆ ಬೇಕಾದದ್ದು ಒಂದು ಮೊತ್ತದ ಹೆಸರು. ‘ಸೇರಿಸಿದ ಮೌಲ್ಯ’ ಹೇಗೆ? ಹಾಗೆಯೇ ಕಳೆಯುವ ಭಾಗಕ್ಕೆ ‘ಮಧ್ಯಂತರ ಬಳಕೆ’ ಅನ್ನುತ್ತಾರೆ, ಮಧ್ಯಂತರ ಬಜೆಟ್ ನೆನಪಾಗಿ ‘ತಾತ್ಕಾಲಿಕ’ ಅನ್ನುವ ಅರ್ಥವೇ ಮುಂದೆ ಬರುತ್ತದೆ. ಬೇಸಾಯದ ಮಾತಿನಲ್ಲಿರುವ ‘ಒಳಸುರಿ’ ತುಂಬಾ ಚೆಂದದ ಪದ, ನನಗೆ ಅದರ ಮೇಲೆ ಆಸೆ. ಅಡ್ಡಿ ಏನೆಂದರೆ, ಒಳಸುರಿ ಅಂದಾಗ ಕೂಲಿಯ ಖರ್ಚನ್ನೂ ಸೇರಿಸಿಕೊಳ್ಳುವವರು ಇರಬಹುದು. ಇಲ್ಲಿ ಸಂಬಳವನ್ನು ಕಳೆಯುವಂತಿಲ್ಲ. ಸಂಬಳ, ಲಾಭ ಎರಡೂ ಸೇರಿಸಿದ ಮೌಲ್ಯದ ಒಳಗೇ ಇರಬೇಕು. ಆದರೆ ಕಾವಲು ಕೆಲಸವನ್ನು ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟ ಕೂಡಲೇ ಅದೇ ದುಡ್ಡು ಕಳೆಯುವ ಪಟ್ಟಿಗೆ ಹೋಗಿ, ಸೇವಾ ವಲಯದ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ತಯಾರಿಕೆಯ ಪಾಲು ಕುಗ್ಗಿತು ಅನ್ನುವ ಸುದ್ದಿಯಲ್ಲಿ ಇಂಥದ್ದೂ ಸ್ವಲ್ಪ ಇರಬಹುದು, ಅಲ್ವಾ?

‘ಕೈಗಾರಿಕೆ’ಯನ್ನು ತಯಾರಿಕೆಗೆ ಬದಲಿಯಾಗಿ ಬಳಸುವುದು ಬೇಡ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಗಣಿ, ವಿದ್ಯುತ್ತು ಕೈಗಾರಿಕೆಯ ಲೆಕ್ಕದಲ್ಲಿ ಬರುತ್ತವೆ, ತಯಾರಿಕೆಯಲ್ಲಿ ಬರುವುದಿಲ್ಲ.

ಇಷ್ಟರ ಮೇಲೆ ಬೆಲೆ ಏರಿಕೆಯನ್ನು ಕಳೆದು ನೋಡುವ ಕೆಲಸಕ್ಕೂ ಹೆಸರು ಬೇಕು. ‘ಸ್ಥಿರ ಬೆಲೆ’ ಚೆನ್ನಾಗಿದೆ. ಹೊರಬಂದ ಸರಕಿನ ಮೌಲ್ಯವನ್ನು ಅದರದೇ ಬೆಲೆ ಸೂಚ್ಯಂಕದಿಂದ, ಒಳಗೆ ಹೋದದ್ದನ್ನು ಅದರ ಸೂಚ್ಯಂಕದಿಂದ ಬೇರೆ ಬೇರೆಯಾಗಿ ಸರಿಮಾಡಿ ಆಮೇಲೆ ಕಳೆಯುವ ವಿಧಾನ ಒಂದಿದೆ, ಡಬಲ್ ಡಿಫ್ಲೇಷನ್ ಅನ್ನುತ್ತಾರೆ. ಸರಕಿನ ಬೆಲೆ ಹಾಗೇ ಇದ್ದು ಕಚ್ಚಾ ಮಾಲಿನ ಬೆಲೆ ಮಾತ್ರ ಇಳಿದಾಗ, ಎರಡಕ್ಕೂ ಸರಕಿನ ಸೂಚ್ಯಂಕವನ್ನೇ ಹಾಕಿದರೆ ಬೆಳವಣಿಗೆ ಇಲ್ಲದ ಕಡೆ ಬೆಳವಣಿಗೆ ಕಾಣುತ್ತದೆ. ‘ಜೋಡಿ ಬೆಲೆ-ಹೊಂದಿಕೆ’ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಸಿಕ್ಕರೆ ಖುಷಿಯಿಂದ ಬದಲಿಸುತ್ತೇನೆ.

ಬಲ್ಲವರು ಮುಖ್ಯವಾಗಿ ‘ಒಟ್ಟು’ ಮತ್ತು ‘ಒಳಸುರಿ’ ಬಗ್ಗೆ ಹೇಳಿ. ಲೆಕ್ಕಪತ್ರದ ಕೆಲಸ ಮಾಡುವವರ ಬಾಯಲ್ಲಿ ಇವಕ್ಕೆ ಬೇರೆ ಪದ ಓಡಾಡುತ್ತಿದ್ದರೆ ಅದನ್ನೂ ತಿಳಿಸಿ.