ಸ್ವಿಚ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ, ಲಾಗ್ ಮತ್ತು ಡಂಪ್ ಫೈಲ್ ತೆಗೆಯೋದು ಹೇಗೆ?

ತಾರಿಹಾಳ_ಐಟಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಆಫೀಸು, ಗೋಡೌನ್, ಲಾರಿ ತೂಕದ ಕಾಟಾ, ಸಿಸಿಟಿವಿ ಎಲ್ಲಾ ಒಂದೇ ಕೋರ್ ಸ್ವಿಚ್ಚಿಗೆ, ಅಂದರೆ ಮುಖ್ಯ ನೆಟ್‌ವರ್ಕ್ ಸ್ವಿಚ್ಚಿಗೆ, ಬಂದು ಸೇರುತ್ತವೆ. ಅದರ ಕೆಳಗೆ ಬೇರೆ ಬೇರೆ ಕಂಪನಿಯ ಸಣ್ಣ ಸ್ವಿಚ್‌ಗಳಿವೆ. ಈಗ ಕೆಲವು ವಾರದಿಂದ ಕೋರ್ ಸ್ವಿಚ್ ಕೈಕೊಡುತ್ತಿದೆ. ಒಮ್ಮೊಮ್ಮೆ ತಾನೇ ರೀಸ್ಟಾರ್ಟ್ ಆಗುತ್ತದೆ. ಒಮ್ಮೊಮ್ಮೆ ಲೈಟೆಲ್ಲಾ ಉರಿಯುತ್ತಲೇ ಇರುತ್ತವೆ, ಆದರೆ ಒಂದು ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಸಣ್ಣ ಸಂದೇಶ) ಕೂಡ ಹೋಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಹೀಗಾದರೆ ಅಲ್ಲಿದ್ದವರು ನನಗೆ ಫೋನ್ ಮಾಡುವ ಮೊದಲೇ ಆಫ್ ಮಾಡಿ ಆನ್ ಮಾಡಿಬಿಡುತ್ತಾರೆ, ಲಾರಿ ಕಾಟಾದ ಮೇಲೆ ನಿಂತಿರುತ್ತದೆ, ಬಿಲ್ ಆಗಬೇಕು, ಅವರಾದರೂ ಏನು ಮಾಡಬೇಕು ಹೇಳಿ. ನಾನು ಹೋಗಿ ನೋಡುವಷ್ಟರಲ್ಲಿ ಲಾಗ್‌ನಲ್ಲಿ (ಸ್ವಿಚ್ ತಾನೇ ಬರೆದುಕೊಳ್ಳುವ ದಾಖಲೆ) ಪೋರ್ಟ್ ಅಪ್ ಆದ ಸಾಲುಗಳು ಬಿಟ್ಟರೆ ಏನೂ ಇರುವುದಿಲ್ಲ.

ಸಪೋರ್ಟ್‌ನಲ್ಲಿ ಕೇಸ್ ಹಾಕಿದ್ದೇನೆ. ಡಯಾಗ್ನೋಸ್ಟಿಕ್ ಲಾಗ್ ಮತ್ತು ಡಂಪ್ ಫೈಲ್ (ಕ್ರ್ಯಾಶ್ ಆದಾಗ ಸ್ವಿಚ್ ತನ್ನ ಮೆಮೊರಿಯನ್ನು ಬರೆದಿಡುವ ಫೈಲ್) ಕಳಿಸಿ, ಅವಿಲ್ಲದೆ ಮುಂದೆ ನೋಡಲು ಆಗುವುದಿಲ್ಲ ಅಂತ ಮೇಲ್ ಬಂದಿದೆ. ಯಾವುದನ್ನು ಮೊದಲು ತೆಗೆಯಬೇಕು? ಡಂಪ್ ಫೈಲ್ ಎಲ್ಲಿ ಕೂತಿರುತ್ತದೆ? ಕೆಲಸ ನಡೆಯುವಾಗ ತೆಗೆದರೆ ಸ್ವಿಚ್ಚಿಗೆ ಭಾರ ಆಗಲ್ವಾ? ಅನುಭವ ಇದ್ದವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಪ್ಯಾಚ್‌ಪ್ಯಾನೆಲ್, ಧಾರವಾಡ

ಸರ್, ಮೊದಲು ಆ ಆಫ್-ಆನ್ ನಿಲ್ಲಿಸಿ. ಲಾಗ್ ಬಫರ್ ಇರುವುದು ರ‍್ಯಾಮ್‌ನಲ್ಲಿ. ಪವರ್ ತೆಗೆದ ಕ್ಷಣ ಅದು ಹೋಯಿತು, ಆಮೇಲೆ ಎಂಥ ಎಂಜಿನಿಯರ್ ಬಂದರೂ ತರಲು ಆಗುವುದಿಲ್ಲ. ರ‍್ಯಾಕ್ ಬಾಗಿಲಿಗೆ ಬೀಗ ಹಾಕಿ, ನಿಮ್ಮ ನಂಬರ್ ಬರೆದು ಅಂಟಿಸಿ. ರಾತ್ರಿ ಕಾಟಾ ನಿಲ್ಲಬಾರದು ಅಂದರೆ ಅಲ್ಲಿಗೆ ಕೈಬರಹದ ಚೀಟಿ ವ್ಯವಸ್ಥೆ ಮಾಡಿಕೊಡಿ, ಅರ್ಧ ಗಂಟೆ ಸಿಕ್ಕರೂ ಸಾಕು.

ಸ್ವಿಚ್ ಹ್ಯಾಂಗ್ ಆಗಿದೆ ಅಂತ ಫೋನ್ ಬಂದರೆ ಮೊದಲು ಮೊಬೈಲ್‌ನಲ್ಲಿ ಲೈಟ್‌ಗಳ ಹತ್ತು ಸೆಕೆಂಡ್ ವಿಡಿಯೊ ತೆಗೆಸಿ. ಎಲ್ಲಾ ಪೋರ್ಟ್ ಲೈಟೂ ಒಟ್ಟೊಟ್ಟಿಗೆ ಪಟಪಟ ಮಿನುಗುತ್ತಿದ್ದರೆ ಅದು ಹ್ಯಾಂಗ್ ಆಗಿರದೆ ಎಲ್ಲೋ ಲೂಪ್ (ಡೇಟಾ ಸ್ವಿಚ್‌ಗಳ ನಡುವೆ ಸುತ್ತುತ್ತಲೇ ಇರುವುದು) ಬಿದ್ದಿರುವ ಸಾಧ್ಯತೆ ಜಾಸ್ತಿ. ಆಮೇಲೆ ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪನ್ನು ಸ್ವಿಚ್ಚಿಗೆ ನೇರವಾಗಿ ಜೋಡಿಸುವ ಕೇಬಲ್) ಹಾಕಿ. ನೆಟ್‌ವರ್ಕ್ ಮೂಲಕ ಒಳಗೆ ಹೋಗಲು ಆಗದಿದ್ದರೂ ಕನ್ಸೋಲ್ ಬಹಳ ಸಲ ಮಾತಾಡುತ್ತದೆ. ಕೇಬಲ್ ಇಲ್ಲದಿದ್ದರೆ ಇವತ್ತೇ ಕೊಪ್ಪಿಕರ್ ರೋಡ್ ಕಡೆ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿ ಒಂದು ತಂದು ರ‍್ಯಾಕ್ ಒಳಗೇ ತೂಗುಹಾಕಿ, ಬೇಕಾದಾಗ ಹುಡುಕುವ ಹಾಗಾಗಬಾರದು. ಸಿಸ್ಕೊ ಆದರೆ ಸ್ಪೀಡ್ 9600. ಬೇರೆ ಕಂಪನಿಯ ಕೆಲವಕ್ಕೆ 115200 ಇರುತ್ತದೆ.

ಪುಟ್ಟಿ (ಸ್ವಿಚ್ಚಿಗೆ ಕಮಾಂಡ್ ಕೊಡುವ ಪ್ರೋಗ್ರಾಂ) ತೆರೆದ ಕೂಡಲೇ, ಕಮಾಂಡ್ ಹೊಡೆಯುವ ಮೊದಲು, ಲಾಗಿಂಗ್‌ಗೆ ಹೋಗಿ ಸೆಷನ್‌ನ ಎಲ್ಲಾ ಔಟ್‌ಪುಟ್ ಫೈಲಿಗೆ ಬೀಳುವಂತೆ ಮಾಡಿ. ಪುಟ್ಟಿ ಪರದೆ ತಾನಾಗಿ ನೆನಪಿಡೋದು 2000 ಸಾಲು ಮಾತ್ರ, ಒಂದು ಶೋ ಟೆಕ್-ಸಪೋರ್ಟ್ (ಸಪೋರ್ಟ್‌ಗೆ ಬೇಕಾದ್ದೆಲ್ಲಾ ಒಟ್ಟಿಗೆ ಕೊಡುವ ಕಮಾಂಡ್) ಅದನ್ನು ಎಷ್ಟೋ ಪಟ್ಟು ದಾಟುತ್ತದೆ. ಟರ್ಮಿನಲ್ ಲೆಂತ್ 0 ಕೊಟ್ಟರೆ ಪ್ರತಿ ಪುಟಕ್ಕೂ ಸ್ಪೇಸ್ ಒತ್ತೋದು ತಪ್ಪುತ್ತದೆ.

ಈಗ ಕ್ರಮ. ಎಲ್ಲರೂ ಶೋ ಟೆಕ್ ಮೊದಲು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಅದು ನೂರಾರು ಕಮಾಂಡ್‌ಗಳನ್ನು ಒಂದರ ಹಿಂದೆ ಒಂದು ಓಡಿಸುತ್ತದೆ. ಸಿಪಿಯು ಆಗಲೇ 99ಕ್ಕೆ ಏರಿದ್ದರೆ ಅರ್ಧಕ್ಕೇ ನಿಂತು ಇರುವ ಅವಕಾಶವೂ ಹೋಗಬಹುದು. ಆದ್ದರಿಂದ ಮೊದಲು ಸಣ್ಣವು: ಶೋ ಕ್ಲಾಕ್, ಶೋ ವರ್ಷನ್, ಶೋ ಲಾಗಿಂಗ್, ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್, ಅದರದ್ದೇ ಹಿಸ್ಟರಿ (ಇದು ಹಿಂದಿನ 72 ಗಂಟೆಯ ಗ್ರಾಫ್ ಕೊಡುತ್ತದೆ, ಬಹಳ ಉಪಯೋಗ), ಶೋ ಇಂಟರ್‌ಫೇಸಸ್, ಶೋ ಸ್ಪ್ಯಾನಿಂಗ್-ಟ್ರೀ ಡಿಟೇಲ್ (ಲೂಪ್ ತಡೆಯುವ ವ್ಯವಸ್ಥೆಯ ವಿವರ). ಐದು ನಿಮಿಷ ಬಿಟ್ಟು ಇವನ್ನೇ ಇನ್ನೊಂದು ಸಲ ತೆಗೆಯಿರಿ. ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಡೇಟಾದ ಎಣಿಕೆ) 8000 ಅಂತ ಒಂದೇ ಸಲ ನೋಡಿದರೆ ಅದು ಯಾವ ಕಾಲದ್ದೋ ಗೊತ್ತಾಗುವುದಿಲ್ಲ. ಐದು ನಿಮಿಷದಲ್ಲಿ 8000 ಹೋಗಿ 9500 ಆಯಿತು ಅಂದರೆ ಆ ಕೇಬಲ್ಲೋ ಎಸ್‌ಎಫ್‌ಪಿಯೋ (ಪೋರ್ಟಿಗೆ ಸಿಕ್ಕಿಸುವ ಮಾಡ್ಯೂಲ್) ಈಗಲೇ ಹಾಳಾಗುತ್ತಿದೆ ಅಂತ ಅರ್ಥ.

ಇಷ್ಟಾದ ಮೇಲೆ ಶೋ ಟೆಕ್. ಕನ್ಸೋಲ್ ಪರದೆ ಮೇಲೆ ಬಿಡಬೇಡಿ. 9600 ಸ್ಪೀಡಿನಲ್ಲಿ ಸೆಕೆಂಡಿಗೆ ಬರೀ 960 ಅಕ್ಷರ ಬರುತ್ತವೆ, ಒಂದು ಎಂಬಿಗೇ ಹದಿನೇಳು ಹದಿನೆಂಟು ನಿಮಿಷ ಬೇಕು. ಪೈಪ್ ಹಾಕಿ ರೀಡೈರೆಕ್ಟ್ ಕೊಟ್ಟು ಫ್ಲಾಶ್‌ಗೆ (ಸ್ವಿಚ್ಚಿನ ಸಂಗ್ರಹ ಮೆಮೊರಿ) ಬರೆಸಿ, ಆಮೇಲೆ ಕಾಪಿ ಮಾಡಿಕೊಳ್ಳಿ. ಮೊದಲು ಫ್ಲಾಶ್‌ನಲ್ಲಿ ಜಾಗ ಇದೆಯಾ ನೋಡಿ.

ಡಂಪ್ ಫೈಲ್ ವಿಷಯಕ್ಕೆ ಬಂದರೆ, ಸಿಸ್ಕೊದಲ್ಲಿ ಡಿರ್ ಫ್ಲಾಶ್ ಮತ್ತು ಡಿರ್ ಕ್ರ್ಯಾಶ್‌ಇನ್ಫೋ ಎರಡೂ ನೋಡಿ. ಸ್ಟ್ಯಾಕ್ (ಒಂದೇ ಸ್ವಿಚ್ಚಿನಂತೆ ಜೋಡಿಸಿದ ಹಲವು ಸ್ವಿಚ್) ಇದ್ದರೆ ಪ್ರತಿ ಮೆಂಬರಿಗೂ ಬೇರೆ ಕ್ರ್ಯಾಶ್‌ಇನ್ಫೋ ಇರುತ್ತದೆ, ಮಾಸ್ಟರ್‌ದು ಮಾತ್ರ ತೆಗೆದು ಸುಮ್ಮನಾಗಬೇಡಿ. ಜೂನಿಪರ್ ಆದರೆ ಶೋ ಸಿಸ್ಟಮ್ ಕೋರ್-ಡಂಪ್ಸ್, ಜೊತೆಗೆ ರಿಕ್ವೆಸ್ಟ್ ಸಪೋರ್ಟ್ ಇನ್ಫರ್ಮೇಷನ್. ಅರುಬಾ ಸಿಎಕ್ಸ್ ಆದರೆ ಶೋ ಬೂಟ್-ಹಿಸ್ಟರಿ, ಶೋ ಕೋರ್-ಡಂಪ್, ಆಮೇಲೆ ಕಾಪಿ ಸಪೋರ್ಟ್-ಫೈಲ್ಸ್. ಹುವಾವೆಯಲ್ಲಿ ಡಿಸ್‌ಪ್ಲೇ ಡಯಾಗ್ನೋಸ್ಟಿಕ್-ಇನ್ಫರ್ಮೇಷನ್. ನಿಮ್ಮದು ಯಾವುದೋ ಅದಕ್ಕೆ ತಕ್ಕ ಹಾಗೆ ನೋಡಿ.

ಬೆಟಗೇರಿ_ಲಿನಕ್ಸ್, ಗದಗ

ಧಾರವಾಡದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಡಿಯಾರ ಸರಿ ಇಲ್ಲದ ಲಾಗ್ ಇದ್ದೂ ಉಪಯೋಗ ಕಡಿಮೆ. ಸಿಸ್ಕೊದ ಹಳೆ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ, ಪ್ರತಿ ಸಲ ಆನ್ ಆದಾಗ 1993ರ ಮಾರ್ಚ್ 1ರಿಂದ ಎಣಿಕೆ ಶುರು. ಲಾಗ್ ಸಾಲಿನ ಮುಂದೆ ನಕ್ಷತ್ರ ಚಿಹ್ನೆ ಕಂಡರೆ ಆ ಸಮಯ ನಂಬುವ ಹಾಗಿಲ್ಲ ಅಂತ ಸ್ವಿಚ್ಚೇ ಹೇಳುತ್ತಿದೆ. ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಹಾಕಿ, ಟೈಮ್‌ಜೋನ್ 5 30 ಕೊಡಿ, ಲಾಗ್‌ನಲ್ಲಿ ಮಿಲಿಸೆಕೆಂಡ್ ಬರುವಂತೆ ಮಾಡಿ. ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೇ ಗಡಿಯಾರ ಹೊಂದಿಸಿ ಅಂತ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನದಲ್ಲೇ ಇದೆ, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಅಂತಲೂ ಇದೆ.

ಇಡೋದು ಎಲ್ಲಿ ಅಂದರೆ ಸ್ವಿಚ್ ಹೊರಗೆ. ಮೂಲೆಯಲ್ಲಿ ಬಿದ್ದಿರುವ ಹಳೆ ಪಿಸಿಗೆ ಲಿನಕ್ಸ್ ಹಾಕಿ, ಆರ್‌ಸಿಸ್‌ಲಾಗ್ (ಸ್ವಿಚ್ ಕಳಿಸುವ ಲಾಗ್ ಹಿಡಿದಿಡುವ ಪ್ರೋಗ್ರಾಂ) ಓಡಿಸಿ, ಯುಡಿಪಿ 514 ಪೋರ್ಟ್ ತೆರೆಯಿರಿ. ದುಡ್ಡು ಖರ್ಚಿಲ್ಲ. ಆ ಪಿಸಿಗೂ ಯುಪಿಎಸ್ ಇರಲಿ. ಸ್ವಿಚ್ ಒಳಗಿನ ಬಫರನ್ನೂ ದೊಡ್ಡದು ಮಾಡಿ, ಸಿಸ್ಕೊದಲ್ಲಿ ಹಲವಕ್ಕೆ ಅದು 4096 ಬೈಟ್ ಅಷ್ಟೇ ಇರುತ್ತದೆ, ಅಂದಾಜು ನಲವತ್ತು ಸಾಲಿಗೆ ತುಂಬಿಹೋಗುತ್ತದೆ. ಒಂದು ಪೋರ್ಟ್ ಅಪ್-ಡೌನ್ ಆಡುತ್ತಿದ್ದರೆ ಸಾಕು, ಬೇಕಾದ ಸಾಲು ಅಷ್ಟರಲ್ಲಿ ಅಳಿಸಿಹೋಗಿರುತ್ತದೆ.

ತಾರಿಹಾಳ_ಐಟಿ, ಹುಬ್ಬಳ್ಳಿ

ಇಬ್ಬರಿಗೂ ತುಂಬಾ ಧನ್ಯವಾದ. ಎನ್‌ಟಿಪಿ, ಸಿಸ್‌ಲಾಗ್ ಎರಡೂ ಹಾಕಿದೆ. ನಿನ್ನೆ ರಾತ್ರಿ ಮತ್ತೆ ರೀಸ್ಟಾರ್ಟ್ ಆಗಿದೆ, ಈ ಸಲ ಯಾರೂ ಮುಟ್ಟಿಲ್ಲ ಅಂತ ಖಚಿತ ಮಾಡಿಕೊಂಡೆ, ಬೀಗದ ಕೈ ನನ್ನ ಹತ್ತಿರವೇ ಇತ್ತು. ಶೋ ವರ್ಷನ್‌ನಲ್ಲಿ ಕೊನೆಯ ರೀಲೋಡ್ ಕಾರಣ ಪವರ್-ಆನ್ ಅಂತ ಬರುತ್ತಿದೆ. ಕ್ರ್ಯಾಶ್‌ಇನ್ಫೋ ಒಳಗೆ ಹೊಸ ಫೈಲ್ ಇಲ್ಲ, ಆದರೆ ಹಿಂದಿನ ತಿಂಗಳ ತಾರೀಖಿನ ಒಂದು ಇದೆ. ಸಿಸ್‌ಲಾಗ್ ಪಿಸಿಯಲ್ಲಿ 1:52ರ ಒಂದು ಸಾಮಾನ್ಯ ಸಾಲು, ಅದರ ನಂತರ ನೇರವಾಗಿ 1:59ಕ್ಕೆ ಬೂಟ್ ಆದ ಸಾಲುಗಳು. ನಡುವೆ ಏನೂ ಇಲ್ಲ. ಡಂಪ್ ಇಲ್ಲದೆ ಕೇಸ್ ಮುಚ್ಚಿಬಿಡ್ತಾರಾ?

ಪ್ಯಾಚ್‌ಪ್ಯಾನೆಲ್, ಧಾರವಾಡ

ಡಂಪ್ ಇಲ್ಲದಿರುವುದೇ ನಿಮಗೆ ಸಿಕ್ಕ ದೊಡ್ಡ ಸುಳಿವು ಸರ್. ಸಾಫ್ಟ್‌ವೇರ್ ಬಿದ್ದರೆ ಸ್ವಿಚ್ ಸಾಯುವ ಮೊದಲು ತನ್ನ ಸ್ಥಿತಿಯನ್ನು ಫೈಲಿಗೆ ಬರೆದು ಹೋಗಲು ನೋಡುತ್ತದೆ, ಕಾರಣದಲ್ಲೂ ಕ್ರ್ಯಾಶ್ ಅಂತಲೋ ಎಕ್ಸೆಪ್ಷನ್ ಅಂತಲೋ ಬರುತ್ತದೆ. ಕರೆಂಟ್ ಕಡಿದರೆ ಬರೆಯಲು ಸಮಯವೇ ಇರುವುದಿಲ್ಲ. ಯಾರೂ ಮುಟ್ಟಿಲ್ಲ, ಕಾರಣ ಪವರ್-ಆನ್, ಫೈಲ್ ಇಲ್ಲ, ಲಾಗ್ ಇದ್ದಕ್ಕಿದ್ದಂತೆ ನಿಂತಿದೆ. ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಯುಪಿಎಸ್, ಅದರ ಬ್ಯಾಟರಿ, ರ‍್ಯಾಕ್ ಒಳಗಿನ ಪವರ್ ಸ್ಟ್ರಿಪ್, ಸ್ವಿಚ್ಚಿನ ಪವರ್ ಸಪ್ಲೈ, ಈ ನಾಲ್ಕನ್ನು ನೋಡಿ. ಯುಪಿಎಸ್‌ಗೆ ಇವೆಂಟ್ ಲಾಗ್ ಇದ್ದರೆ 1:52ರ ಸುತ್ತ ಏನಿದೆ ತೆಗೆಯಿರಿ. ಅದೇ ಯುಪಿಎಸ್ ಮೇಲಿರುವ ಬೇರೆ ಸಾಮಾನು, ಸಿಸಿಟಿವಿ ಡಿವಿಆರ್ ಇದ್ದರೆ ಅದು, ಆ ಹೊತ್ತಿಗೆ ರೀಸ್ಟಾರ್ಟ್ ಆಗಿದೆಯಾ ನೋಡಿದರೆ ತೊಂದರೆ ಯುಪಿಎಸ್‌ದೋ ಸ್ವಿಚ್‌ದೋ ಅಂತ ಅಲ್ಲೇ ಬೇರೆಯಾಗುತ್ತದೆ. ಡಿವಿಆರ್ ಆರಾಮಾಗಿ ರೆಕಾರ್ಡ್ ಮಾಡುತ್ತಲೇ ಇದ್ದರೆ ಸ್ವಿಚ್ಚಿನ ಪವರ್ ಸಪ್ಲೈ ಮೇಲೆ ಮತ್ತು ಅದರ ಕೇಬಲ್ ಮೇಲೆ ಅನುಮಾನ ಪಡಿ.

ಆದರೆ ಆ ಹಳೆ ಫೈಲ್ ಬಿಡಬೇಡಿ, ಅದು ಬೇರೆ ಕಥೆ ಇರಬಹುದು. ಹಿಂದಿನ ತಿಂಗಳು ಒಮ್ಮೆ ನಿಜವಾಗಿಯೂ ಕ್ರ್ಯಾಶ್ ಆಗಿ, ಅದು ಫೈಲ್ ಬರೆದು ಮೇಲೆ ಏಳುತ್ತಿರುವಾಗಲೇ ಯಾರೋ ಆಫ್-ಆನ್ ಮಾಡಿದ್ದರೆ ಶೋ ವರ್ಷನ್‌ನಲ್ಲಿ ಪವರ್-ಆನ್ ಅಂತಲೇ ಬಂದಿರುತ್ತದೆ, ಕ್ರ್ಯಾಶ್ ಆದದ್ದಕ್ಕೆ ಸಾಕ್ಷಿ ಆ ಫೈಲ್ ಮಾತ್ರ. ಆಗ ಎನ್‌ಟಿಪಿ ಇರಲಿಲ್ಲ ಅಲ್ವಾ, ತಾರೀಖು ಸರಿ ಇದೆಯೋ ಇಲ್ಲವೋ ಅದನ್ನೂ ಬರೆದು ಕಳಿಸಿ. ಪಿಂಗ್ ಹೋಗದೆ ಲೈಟ್ ಉರಿಯುವ ತೊಂದರೆ ಮೂರನೆಯದು. ಒಂದೇ ಕೇಸಿನಲ್ಲಿ ಮೂರನ್ನೂ ಕಲಸಬೇಡಿ, ಬೇರೆ ಬೇರೆ ಅಂತ ಸ್ಪಷ್ಟವಾಗಿ ಬರೆಯಿರಿ. ಸಪೋರ್ಟ್‌ನವರು ಪೂರ್ತಿ ಫೈಲ್ ಓದುವ ಮೊದಲು ಓದೋದು ನಿಮ್ಮ ನಾಲ್ಕು ಸಾಲನ್ನು: ಎಷ್ಟು ಹೊತ್ತಿಗೆ ಆಯಿತು, ಯಾವುದು ನಿಂತಿತು, ಯಾವುದು ನಡೆಯುತ್ತಿತ್ತು, ಅದಕ್ಕೆ ಮೊದಲು ಏನು ಬದಲಾಯಿಸಿದ್ದಿರಿ. ಆ ನಾಲ್ಕು ಸಾಲಿಗೆ ಬೆಲೆ ಜಾಸ್ತಿ.

ಮೆಣಸಿನಕಾಯಿ_ಕೋಲ್ಡ್‌ಸ್ಟೋರ್, ಹಾವೇರಿ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ ಅಣ್ಣಾ. ಮೆಣಸಿನಕಾಯಿ ಧೂಳು ಎಂಥದ್ದು ಅಂತ ನಿಮಗೆ ಗೊತ್ತು, ಫ್ಯಾನ್ ಕಟ್ಟಿಕೊಂಡು ಸ್ವಿಚ್ ಬಿಸಿಯಾಗುತ್ತದೆ. ಹಾಗಾಗಿ ಶೋ ಎನ್ವಿರಾನ್‌ಮೆಂಟ್ ಆಲ್ ಕೂಡ ಪ್ರತಿ ಸಲ ತೆಗೆಯಿರಿ. ಫ್ಯಾನ್, ಟೆಂಪರೇಚರ್, ಪವರ್ ಸಪ್ಲೈ ಮೂರೂ ಅಲ್ಲೇ ಕಾಣುತ್ತವೆ.

ಫೈಲ್ ಸಾಗಿಸುವ ಬಗ್ಗೆ ಯಾರೂ ಹೇಳಲಿಲ್ಲ. ಫೈಲ್ ಕಳಿಸುವ ವಿಧಾನಗಳಲ್ಲಿ ಟಿಎಫ್‌ಟಿಪಿ ಸುಲಭ, ಆದರೆ ಹಳೆ ಟಿಎಫ್‌ಟಿಪಿ ಸರ್ವರ್‌ಗಳು 512 ಬೈಟಿನ ಬ್ಲಾಕ್ ಲೆಕ್ಕದಲ್ಲಿ 32 ಎಂಬಿ ದಾಟಿದರೆ ಮುಂದೆ ಹೋಗುವುದಿಲ್ಲ. ಕೋರ್ ಡಂಪ್ ಅದಕ್ಕಿಂತ ದೊಡ್ಡದಿರುವುದೇ ಹೆಚ್ಚು. ಎಸ್‌ಸಿಪಿ ಬಳಸಿ, ಇಲ್ಲವೇ ಸ್ವಿಚ್ಚಿನಲ್ಲಿ ಯುಎಸ್‌ಬಿ ಇದ್ದರೆ ಪೆನ್‌ಡ್ರೈವ್ ಹಾಕಿ. ಎಫ್‌ಟಿಪಿ ಬಳಸಲೇಬೇಕು ಅಂದರೆ ಬೈನರಿ ಮೋಡ್ ಕೊಡಿ. ಆಸ್ಕಿ ಮೋಡ್‌ನಲ್ಲಿ ಹೋದ ಡಂಪ್ ನೋಡಲು ಸರಿಯಾಗೇ ಇರುತ್ತದೆ, ಒಳಗೆ ಕೆಟ್ಟಿರುತ್ತದೆ, ಅಲ್ಲಿ ತೆರೆಯಲು ಬರುವುದಿಲ್ಲ. ಕಾಪಿ ಆದಮೇಲೆ ಸ್ವಿಚ್ಚಿನಲ್ಲಿ ವೆರಿಫೈ ಎಂಡಿ5 (ಫೈಲ್ ಕೆಟ್ಟಿಲ್ಲ ಅಂತ ನೋಡುವ ಗುರುತು), ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್‌ನ ಹ್ಯಾಶ್‌ಫೈಲ್ ಎಂಡಿ5, ಎರಡೂ ತಾಳೆ ನೋಡಿ. ತಾಳೆ ಆಗುವವರೆಗೆ ಸ್ವಿಚ್ಚಿನ ಮೇಲಿನ ಮೂಲ ಫೈಲ್ ಅಳಿಸಬೇಡಿ.

ತಾರಿಹಾಳ_ಐಟಿ, ಹುಬ್ಬಳ್ಳಿ

ಡಿವಿಆರ್ ನೋಡಿದೆ, ಅದೂ 1:53ಕ್ಕೆ ನಿಂತು ಆಮೇಲೆ ಶುರುವಾಗಿದೆ! ಎರಡೂ ಒಂದೇ ಯುಪಿಎಸ್ ಮೇಲಿವೆ. ನಾಳೆ ಬ್ಯಾಟರಿಯವರನ್ನು ಕರೆಸುತ್ತೇನೆ. ಹಳೆ ಕ್ರ್ಯಾಶ್ ಫೈಲ್ ಬೇರೆ ಕೇಸ್ ಮಾಡಿ ಕಳಿಸುತ್ತೇನೆ. ಇನ್ನೊಂದು ಪ್ರಶ್ನೆ, ಶೋ ಟೆಕ್ ಒಳಗೆ ನಮ್ಮ ಪೂರ್ತಿ ಕಾನ್ಫಿಗ್ ಇರುತ್ತದಲ್ಲ, ಹಾಗೇ ಕಳಿಸಬಹುದಾ? ಪಿಂಗ್ ಹೋಗದ ತೊಂದರೆಗೆ ಡಿಬಗ್ ಆನ್ ಮಾಡಿ ಇಟ್ಟರೆ ಹೇಗೆ?

ಬೆಟಗೇರಿ_ಲಿನಕ್ಸ್, ಗದಗ

ಡಿಬಗ್ ಬೇಡ. ಅದರಲ್ಲೂ ಡಿಬಗ್ ಆಲ್ ಅಂತೂ ಓಡುತ್ತಿರುವ ಕೋರ್ ಸ್ವಿಚ್ಚಿನ ಮೇಲೆ ಯಾವತ್ತೂ ಬೇಡ, ಸಿಪಿಯು ಅಲ್ಲೇ ಮಲಗುತ್ತದೆ. ಸಪೋರ್ಟ್‌ನವರು ಇಂಥದ್ದೇ ಡಿಬಗ್ ಬೇಕು ಅಂತ ಹೆಸರು ಹಿಡಿದು ಕೇಳಿದರೆ ಮಾತ್ರ, ಅದೂ ಕನ್ಸೋಲ್‌ಗೆ ಬರದ ಹಾಗೆ ಬಫರಿಗೆ ಹಾಕಿ, ಮುಗಿದ ಕೂಡಲೇ ಅನ್‌ಡಿಬಗ್ ಆಲ್ ಕೊಡಿ. ಪಿಂಗ್ ತೊಂದರೆಗೆ ನಿಮಗೆ ಬೇಕಾಗಿರೋದು ಮ್ಯಾಕ್ (ಪ್ರತಿ ಸಾಧನದ ವಿಳಾಸ) ಫ್ಲಾಪ್ ಸಾಲುಗಳು. ಒಂದೇ ಮ್ಯಾಕ್ ಎರಡು ಪೋರ್ಟ್‌ಗಳ ನಡುವೆ ಹಾರುತ್ತಿದೆ ಅಂತ ಸಿಸ್‌ಲಾಗ್‌ನಲ್ಲಿ ಬಂದರೆ ಆ ಎರಡು ಪೋರ್ಟ್ ಹಿಡಿದು ಕೆಳಗಿನ ಸಣ್ಣ ಸ್ವಿಚ್‌ಗಳವರೆಗೆ ಹೋಗಿ. ಸ್ಪ್ಯಾನಿಂಗ್-ಟ್ರೀ ಡಿಟೇಲ್‌ನಲ್ಲಿ ಕೊನೆಯ ಟೋಪಾಲಜಿ ಚೇಂಜ್ (ಜೋಡಣೆಯ ಬದಲಾವಣೆ) ಯಾವ ಪೋರ್ಟಿನಿಂದ ಬಂತು ಅಂತಲೂ ಇರುತ್ತದೆ.

ಕಾನ್ಫಿಗ್ ವಿಷಯ. ಸಿಸ್ಕೊದ ಶೋ ಟೆಕ್ ಪಾಸ್‌ವರ್ಡ್ ಜಾಗದಲ್ಲಿ ರಿಮೂವ್ಡ್ ಅಂತ ಹಾಕುತ್ತದೆ, ಆದರೂ ಕಳಿಸುವ ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ಪಾಸ್‌ವರ್ಡ್, ಸೀಕ್ರೆಟ್, ಕಮ್ಯುನಿಟಿ, ಕೀ ಈ ನಾಲ್ಕು ಪದ ಹುಡುಕಿ. ಟೈಪ್ 7 ಪಾಸ್‌ವರ್ಡ್ ಕಲಸಿಟ್ಟಂತೆ ಕಂಡರೂ ಅದನ್ನು ಬಿಡಿಸೋದು ಕ್ಷಣದ ಕೆಲಸ. ಡಂಪ್ ಫೈಲ್ ಒಳಗೆ ಹೀಗೆ ತಿದ್ದಲು ಬರುವುದಿಲ್ಲ, ಮೆಮೊರಿಯಲ್ಲಿ ಇದ್ದದ್ದೆಲ್ಲಾ ಅದರಲ್ಲಿರುತ್ತದೆ. ಅದನ್ನು ಕೇಸಿನ ಅಪ್‌ಲೋಡ್ ಜಾಗಕ್ಕೆ ಮಾತ್ರ ಹಾಕಿ, ವಾಟ್ಸಾಪ್ ಗ್ರೂಪಿಗೂ ಬೇಡ, ಇಲ್ಲಿಗೂ ಬೇಡ. ಕಳಿಸಿದ ಮೇಲೆ ಸ್ವಿಚ್ಚಿನ ಪಾಸ್‌ವರ್ಡ್, ಎಸ್‌ಎನ್‌ಎಂಪಿ ಕಮ್ಯುನಿಟಿ (ಸ್ವಿಚ್ ಮೇಲೆ ನಿಗಾ ಇಡುವ ಸಾಫ್ಟ್‌ವೇರ್ ಬಳಸುವ ಗುಪ್ತಪದ) ಎರಡೂ ಬದಲಾಯಿಸಿಬಿಡಿ.